ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಬದಿ ದಾಸೋಹ: ಏನು ಕೊಡಬೇಕು, ಎಷ್ಟು, ಯಾರಿಗೆ?

ಮಗ್ಗದ ಮನಿ (ಎಮ್ಮಿಗನೂರು ತಾಲೂಕು)

ಎಲ್ಲರಿಗೂ ಶರಣು. ನಮ್ಮೂರು ಮಂತ್ರಾಲಯದಿಂದ ಎಮ್ಮಿಗನೂರಿಗೆ ಬರುವ ರಸ್ತೆಗೆ ಹತ್ತಿಕೊಂಡೇ ಇದೆ. ಯುಗಾದಿಗೆ ಹತ್ತು-ಹನ್ನೆರಡು ದಿನ ಇರುವಾಗಿನಿಂದ ಬಾಗಲಕೋಟೆ, ವಿಜಯಪುರ, ರಾಯಚೂರು ಕಡೆಯ ಜನ ಕಂಬಿ (ಹೆಗಲ ಮೇಲಿನ ಕಾವಡಿ) ಹೊತ್ತು ಶ್ರೀಶೈಲದ ಮಲ್ಲಯ್ಯನ (ಮಲ್ಲಿಕಾರ್ಜುನನ) ಹತ್ತಿರ ನಡೆದು ಹೋಗುತ್ತಾರೆ. ಈ ಸಲ ಊರಿನ ಹದಿನೈದು ಹುಡುಗರು ಸೇರಿ ಐದು ದಿನ ದಾಸೋಹ ಇಡಬೇಕು ಅಂತ ಮಾಡಿದ್ದೇವೆ. ದಿನಕ್ಕೆ ನಾನೂರು ಜನ ಅಂತ ಅಂದಾಜು.

ನಾಲ್ಕು ವಿಷಯ ತಿಳಿದವರು ಹೇಳಬೇಕು.

ಕುಡಿಯುವ ನೀರು ಎಷ್ಟು ಬೇಕು, ಟ್ಯಾಂಕರ್ ನೀರಾದರೆ ಶುದ್ಧ ಮಾಡುವುದು ಹೇಗೆ? ಅಡುಗೆ ಏನು ಮಾಡಿದರೆ ಈ ಬಿಸಿಲಿಗೆ ಕೆಡುವುದಿಲ್ಲ? ಕಾಲಿಗೆ ಬೊಬ್ಬೆ ಎದ್ದವರು, ಬಿಸಿಲಿಗೆ ಬಿದ್ದವರು ಬಂದರೆ ನಮ್ಮಂಥವರು ಎಷ್ಟು ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು?

ನಾಲ್ಕನೆಯದು, ಊಟ ಯಾರಿಗೆಲ್ಲ ಕೊಡಬೇಕು? ಇದಕ್ಕೆ ನಮ್ಮಲ್ಲೇ ಎರಡು ಮಾತಾಗಿದೆ. ಆ ಹೊತ್ತಿಗೇ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋದ ಕೂಲಿಯವರು ಗಂಟುಮೂಟೆ ಸಮೇತ ವಾಪಸ್ ಬರುತ್ತಿರುತ್ತಾರೆ. ಲಾರಿ ಡ್ರೈವರ್‌ಗಳು ನಿಲ್ಲಿಸುತ್ತಾರೆ. ಬುದ್ಧಿ ಸ್ಥಿಮಿತ ಇಲ್ಲದೆ ರಸ್ತೆಗುಂಟ ಅಲೆಯುವವರೂ ಇರುತ್ತಾರೆ. ಹಿರಿಯರೊಬ್ಬರು "ಮಲ್ಲಯ್ಯನ ಹೆಸರಲ್ಲಿ ಎತ್ತಿದ ಪಟ್ಟಿ (ವಂತಿಗೆ), ಮಲ್ಲಯ್ಯನ ಭಕ್ತರಿಗೇ ಹೋಗಬೇಕು, ಟೋಕನ್ ಮಾಡಿ" ಅಂತಾರೆ. ಹುಡುಗರಿಗೆ ಅದು ಸರಿ ಅನ್ನಿಸುತ್ತಿಲ್ಲ, ಆದರೆ ಎದುರು ಹೇಳೋಕೆ ಮಾತು ಸಿಗುತ್ತಿಲ್ಲ.

---

ಬಿಳಿಜೋಳ (ಆದೋನಿ)

ತಮ್ಮಾ, ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ, ಆಮೇಲೆ ಅಡುಗೆ. ಪಾದಯಾತ್ರೆಯವರು ಬೆಳಗಿನ ಜಾವ ಮೂರು-ನಾಲ್ಕಕ್ಕೆ ಎದ್ದು ಹತ್ತರೊಳಗೆ ಆದಷ್ಟು ನಡೆದುಬಿಡುತ್ತಾರೆ. ಮಧ್ಯಾಹ್ನ ಮರದ ನೆರಳೋ ಗುಡಿಯ ಕಟ್ಟೆಯೋ ಹಿಡಿದು ಮಲಗಿ, ಮತ್ತೆ ನಾಲ್ಕರ ಮೇಲೆ ಎದ್ದು ರಾತ್ರಿ ಒಂಬತ್ತರವರೆಗೆ ನಡೆಯುತ್ತಾರೆ. ದಾಸೋಹದವರು ಒಂಬತ್ತಕ್ಕೆ ಒಲೆ ಹಚ್ಚಿ ಹನ್ನೆರಡಕ್ಕೆ ಊಟಕ್ಕೆ ಕರೆದರೆ ಅಷ್ಟೊತ್ತಿಗೆ ರಸ್ತೆ ಖಾಲಿ. ನೀರು ಮತ್ತು ಅಂಬಲಿ ಬೆಳಗ್ಗೆ ನಾಲ್ಕಕ್ಕೇ ಸಿದ್ಧ ಇರಬೇಕು, ಊಟ ಎಂಟರಿಂದ ಹನ್ನೊಂದು. ಸಂಜೆ ಮಜ್ಜಿಗೆ, ರಾತ್ರಿ ಏಳರ ಮೇಲೆ ಇನ್ನೊಂದು ಊಟ.

ನೀರಿನ ಲೆಕ್ಕ. ಒಬ್ಬ ಮನುಷ್ಯ ನಿಮ್ಮಲ್ಲಿ ನಿಂತು ಒಂದು ಲೀಟರ್ ಕುಡಿಯುತ್ತಾನೆ, ಬಾಟಲಿಗೆ ಇನ್ನೊಂದು ಲೀಟರ್ ತುಂಬಿಕೊಳ್ಳುತ್ತಾನೆ. ನಾನೂರು ಜನಕ್ಕೆ ಕುಡಿಯಲಿಕ್ಕೇ 800 ಲೀಟರ್, ಅಂದರೆ ಒಂದು ಸಾವಿರ ಲೀಟರಿನ ಸಿಂಟೆಕ್ಸ್ ಬೇರೆಯೇ ಇರಲಿ. ಕೈಕಾಲು ಮುಖ ತೊಳೆಯಲು ಒಬ್ಬರಿಗೆ ಮೂರು ಲೀಟರ್ ಹಿಡಿಯಿರಿ, 1200 ಲೀಟರ್, ಅದು ಇನ್ನೊಂದು ಟ್ಯಾಂಕ್. ಎರಡೂ ಒಂದೇ ಆದರೆ ಜನ ಕುಡಿಯುವ ನೀರಿನ ನಲ್ಲಿ ಕೆಳಗೇ ಕಾಲು ತೊಳೆಯುತ್ತಾರೆ, ಅರ್ಧ ಗಂಟೆಯಲ್ಲಿ ಅಲ್ಲಿ ಕೆಸರು, ಕೆಸರಿಗೆ ನೊಣ.

ಟ್ಯಾಂಕರ್ ನೀರು ತಿಳಿಯಾಗಿದ್ದರೆ ಸಾವಿರ ಲೀಟರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಎರಡೂವರೆ ಗ್ರಾಂ ಸಾಕು. ಕಣ್ಣಳತೆಯಲ್ಲಿ ಹಾಕಬೇಡಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಐದು ದಿನದ ಪೊಟ್ಟಣ ಮೊದಲೇ ಕಟ್ಟಿಡಿ. ಪುಡಿಯನ್ನು ಚೊಂಬು ನೀರಲ್ಲಿ ಕದಡಿ ಹತ್ತು ನಿಮಿಷ ಬಿಡಿ, ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ, ತಳದ್ದು ಚೆಲ್ಲಿ. ಒಂದು ತಾಸು ಮುಟ್ಟಬೇಡಿ. ಆಮೇಲೆ ಕ್ಲೋರಿನ್ ಪರೀಕ್ಷೆ ಕಿಟ್‌ನಲ್ಲಿ ನೋಡಿದರೆ ಲೀಟರಿಗೆ 0.5 ಮಿಲಿಗ್ರಾಂ ತೋರಿಸಬೇಕು. ಕಿಟ್ ಪಂಚಾಯಿತಿಯಲ್ಲಿ ಇಲ್ಲವೆ ಆರೋಗ್ಯ ಸಹಾಯಕಿಯರ ಹತ್ತಿರ ಕೇಳಿ. ಏನೂ ತೋರಿಸದಿದ್ದರೆ ಪುಡಿ ಹಳೆಯದು, ಬಾಯಿ ಬಿಚ್ಚಿಟ್ಟ ಚೀಲದ್ದು, ಸತ್ವ ಹಾರಿ ಹೋಗಿರುತ್ತದೆ. ರಾಡಿ ನೀರಿಗೆ ಎಷ್ಟು ಹಾಕಿದರೂ ಕೆಲಸ ಮಾಡುವುದಿಲ್ಲ. ಅದನ್ನು ರಾತ್ರಿ ತಳ ಕೂರಿಸಿ, ನಾಲ್ಕು ಮಡಿಕೆ ಮಾಡಿದ ಹತ್ತಿ ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್.

ನಲ್ಲಿ ಇರುವ ಹರವಿ (ಮಣ್ಣಿನ ಕೊಡ) ಇಡಿ. ನಲ್ಲಿ ಇಲ್ಲದಿದ್ದರೆ ಉದ್ದ ಹಿಡಿಯ ಸೌಟು, ಮತ್ತು ಸೌಟು ಹಿಡಿಯುವವ ಒಬ್ಬನೇ. ಬಂದವರು ತಾವೇ ಲೋಟ ಅದ್ದಿ ತೆಗೆದರೆ ನೂರು ಜನರ ಕೈ ಆ ನೀರಿಗೆ ಸೇರುತ್ತದೆ. ಸ್ಯಾಚೆಟ್ ನೀರು ಬೇಡವೇ ಬೇಡ. ಅದನ್ನು ಜೋಳಿಗೆಗೆ ಹಾಕಿಕೊಂಡು ಹೋಗಿ ಮುಂದೆ ನಲ್ಲಮಲ ಕಾಡಲ್ಲಿ ಬಿಸಾಡುತ್ತಾರೆ, ಅದು ಹುಲಿ ಇರುವ ಸಂರಕ್ಷಿತ ಕಾಡು.

ಇನ್ನು ಅಡುಗೆ. ಬರುವವರು ಜೋಳ ತಿನ್ನುವ ಸೀಮೆಯವರು. ನಿಮ್ಮೂರಲ್ಲಿ ನಲವತ್ತು ಮನೆ ಸಿಕ್ಕರೆ ಮನೆಗೆ ಇಪ್ಪತ್ತು ಖಟಿ ರೊಟ್ಟಿ (ಒಣಗಿಸಿದ ಗಟ್ಟಿ ಜೋಳದ ರೊಟ್ಟಿ) ಅಂತ ಹೇಳಿ, ಒಂದು ದಿನಕ್ಕೆ ಎಂಟುನೂರು ರೊಟ್ಟಿ ಆಯಿತು, ತಲೆಗೆ ಎರಡು. ಸರಿಯಾಗಿ ಒಣಗಿದ ಖಟಿ ರೊಟ್ಟಿ ಐದು ದಿನ ಅಲ್ಲ, ತಿಂಗಳು ಇಟ್ಟರೂ ಏನೂ ಆಗುವುದಿಲ್ಲ. ಅದಕ್ಕೇ ಒಂದೇ ದಿನದ ಗಡಿಬಿಡಿಗೆ ಬೀಳದೆ ಹದಿನೈದು ದಿನ ಮೊದಲೇ ಶುರು ಮಾಡಿಸಿ. ಶೇಂಗಾ ಹಿಂಡಿ (ಚಟ್ನಿಪುಡಿ) ತಲೆಗೆ 25 ಗ್ರಾಂ, ನಾನೂರಕ್ಕೆ ಹತ್ತು ಕೆಜಿ. ಖಾರ ಕಡಿಮೆ ಇರಲಿ, ನಡೆಯುವವರ ಹೊಟ್ಟೆ ಮೊದಲೇ ಕಾದಿರುತ್ತದೆ.

ಅನ್ನಕ್ಕೆ ನೂರು ಜನಕ್ಕೆ ಹನ್ನೆರಡು ಕೆಜಿ ಅಕ್ಕಿ. ಎಲ್ಲ ಒಮ್ಮೆಗೇ ಬೇಯಿಸಬೇಡಿ, ತಪ್ಪಾಗುವುದು ಅಲ್ಲೇ. ಈ ಬಿಸಿಲಲ್ಲಿ ಮುಚ್ಚಿಟ್ಟ ಅನ್ನ ನಾಲ್ಕು ತಾಸು ದಾಟಿದರೆ ಒಳಗೇ ಕೆಡಲು ಶುರು. ವಾಸನೆ ಬಾರದಿದ್ದರೂ ಕೆಟ್ಟಿರುತ್ತದೆ. ಬಿಸಿ ಮಾಡಿದರೆ ಸರಿಹೋಗುತ್ತದೆ ಅನ್ನುವುದು ತಪ್ಪು, ಅನ್ನದಲ್ಲಿ ಹುಟ್ಟಿದ ವಿಷ ಕಾಯಿಸಿದರೆ ಹೋಗುವುದಿಲ್ಲ. ಇಪ್ಪತ್ತೈದು ಇಪ್ಪತ್ತೈದು ಜನಕ್ಕೆ ಮೂರು ಕೆಜಿಯಂತೆ ಇಡುತ್ತ ಹೋಗಿ. ಮಜ್ಜಿಗೆ ಅನ್ನ ಬಡಿಸುವ ಹೊತ್ತಿಗೇ ಕಲಸಿ, ರಾತ್ರಿ ಕಲಸಿಡಬೇಡಿ. ಕೊಬ್ಬರಿ ಹಾಕಿದ ಚಿತ್ರಾನ್ನ ಬೇಡ, ಹುಣಸೆಯದಾದರೆ ತಡೆಯುತ್ತದೆ. ಕೋಸಂಬರಿಗೆ ಉಪ್ಪು ಕೊನೆಯ ಗಳಿಗೆಯಲ್ಲಿ. ಕಲ್ಲಂಗಡಿ ಬಂದವರ ಎದುರಿಗೇ ಕೊಯ್ಯಿರಿ.

ಮಜ್ಜಿಗೆ: ಐದು ಲೀಟರ್ ಮೊಸರು, ಹದಿನೈದು ಲೀಟರ್ ಶುದ್ಧ ನೀರು, 70 ಗ್ರಾಂ ಉಪ್ಪು, ಜಜ್ಜಿದ ಶುಂಠಿ, ಕರಿಬೇವು, ಜೀರಿಗೆ. ನೂರು ಲೋಟ ಆಗುತ್ತದೆ. ಐಸ್ ಗಡ್ಡೆ ಹಾಕಬೇಡಿ, ಮೀನು ಮತ್ತು ಹಾಲಿನ ಗಾಡಿಗೆ ಮಾಡುವ ಐಸ್ ಕುಡಿಯುವ ನೀರಿನದ್ದಲ್ಲ. ತಣ್ಣಗೆ ಬೇಕಾದರೆ ಹರವಿಯ ಸುತ್ತ ಒದ್ದೆ ಗೋಣಿ ಸುತ್ತಿ ಗಾಳಿ ಹಾಯುವ ಕಡೆ ಇಡಿ. ಇನ್ನೊಂದು ಮಾತು, ಗುಡಿಯ ದೊಡ್ಡ ಹಿತ್ತಾಳೆ ತಾಮ್ರದ ಹಂಡೆ ತರುತ್ತೀರಿ ಅಂತ ಗೊತ್ತು. ಒಳಗೆ ಕಲಾಯಿ ಇದೆಯೋ ಇಲ್ಲವೋ ನೋಡಿ. ಕಲಾಯಿ ಹೋದ ಹಂಡೆಯಲ್ಲಿ ಮಜ್ಜಿಗೆ, ಹುಣಸೆ, ನಿಂಬೆ ಹಾಕಿದರೆ ತಾಮ್ರ ಬಿಟ್ಟುಕೊಂಡು ಕುಡಿದವರಿಗೆಲ್ಲ ವಾಂತಿ. ಅನುಮಾನ ಇದ್ದರೆ ಸ್ಟೀಲ್ ಅಥವಾ ಮಣ್ಣಿನದ್ದೇ ಸರಿ.

---

ದವಾಖಾನಿ ಅಕ್ಕ (ಮಂತ್ರಾಲಯ ಕಡೆ)

ಅಡುಗೆಯ ಮಾತು ಅಣ್ಣಾವರು ಪೂರ್ತಿ ಹೇಳಿದ್ದಾರೆ. ಕಾಲು ಮತ್ತು ಬಿಸಿಲಿನದ್ದು ನಾನು ಹೇಳುತ್ತೇನೆ.

ಬೊಬ್ಬೆ. ಚಿಕ್ಕದು, ಒಡೆದಿಲ್ಲ ಅಂದರೆ ಒಡೆಯಲೇಬೇಡಿ. ಮೇಲಿನ ಚರ್ಮವೇ ಅದಕ್ಕೆ ಪಟ್ಟಿ. ಸೋಪು ನೀರಲ್ಲಿ ತೊಳೆದು, ಒರೆಸಿ ಒಣಗಿಸಿ, ಮೇಲೆ ಗಾಜ್ ಇಟ್ಟು ಟೇಪು ಹಾಕಿ ಕಳಿಸಿ. ನಾಣ್ಯದಷ್ಟು ದೊಡ್ಡದು, ಹೆಜ್ಜೆ ಇಡಲಾಗುತ್ತಿಲ್ಲ, ಆದರೂ ನಡೆಯುತ್ತೇನೆ ಅನ್ನುವವರಿಗೆ ಹೊಸ ಸೂಜಿಯ ಪೊಟ್ಟಣ ಆಗಲೇ ಒಡೆದು, ಬೊಬ್ಬೆಯ ಅಂಚಿನಲ್ಲಿ ಎರಡು ಕಡೆ ಚುಚ್ಚಿ ನೀರು ಒತ್ತಿ ತೆಗೆಯಿರಿ. ಚರ್ಮ ಕತ್ತರಿಸಬೇಡಿ. ಪೊವಿಡೋನ್ ಅಯೋಡಿನ್ ಮುಲಾಮು, ಗಾಜ್, ಟೇಪು. ಒಬ್ಬರಿಗೆ ಒಂದು ಸೂಜಿ, ಬಳಸಿದ್ದನ್ನು ದಪ್ಪ ಡಬ್ಬಿಗೆ ಹಾಕಿ ಕೊನೆಗೆ ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಒಪ್ಪಿಸಿ. ಅರಿಸಿನ ಪುಡಿ, ಕಾಫಿ ಪುಡಿ, ಟೂತ್‌ಪೇಸ್ಟ್, ಸೀಮೆಎಣ್ಣೆ ಏನನ್ನೂ ಗಾಯದೊಳಗೆ ತುಂಬಬೇಡಿ.

ಮುಟ್ಟುವ ಮೊದಲು ಪ್ರತಿಯೊಬ್ಬರಿಗೂ ಒಂದು ಮಾತು ಕೇಳಿ, "ಸಕ್ಕರೆ ಕಾಯಿಲೆ ಇದೆಯಾ?" ಇದ್ದರೆ ಸೂಜಿ ಮುಟ್ಟಬೇಡಿ. ಬೆರಳ ಸಂದಿ, ಹಿಮ್ಮಡಿ ನೋಡಿ ತೊಳೆದು ಮುಚ್ಚಿ ದವಾಖಾನೆಗೆ ಕಳಿಸಿ. ಅವರ ಕಾಲಿಗೆ ಸ್ಪರ್ಶ ಕಡಿಮೆ ಇರುತ್ತದೆ, ನೋವಿಲ್ಲ ಅಂತಾರೆ, ಒಳಗೆ ಕೊಳೆತಿರುತ್ತದೆ. ಬಿಸಿ ಉಪ್ಪುನೀರಲ್ಲಿ ಕಾಲಿಡಿಸುವುದೂ ಅವರಿಗೆ ಅಪಾಯ, ಸುಟ್ಟರೂ ಗೊತ್ತಾಗುವುದಿಲ್ಲ. ಉಳಿದವರಿಗೂ ಉಗುರು ಬೆಚ್ಚಗೆ, ಐದೇ ನಿಮಿಷ. ಅರ್ಧ ಗಂಟೆ ನೆನೆಸಿದರೆ ಚರ್ಮ ಮೆದುವಾಗಿ ಮುಂದಿನ ಎರಡು ಮೈಲಿಯಲ್ಲಿ ಹೊಸ ಬೊಬ್ಬೆ.

ಕಾಲು ಒತ್ತುವ ಸೇವೆ ಮಾಡುತ್ತೀರಿ, ಒಳ್ಳೆಯದು. ಆದರೆ ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ, ಮುಟ್ಟಿದರೆ ನೋಯುತ್ತಿದ್ದರೆ ಒತ್ತಬೇಡಿ, ಎಣ್ಣೆ ತಿಕ್ಕಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ತಿಕ್ಕಿದರೆ ಅದು ಎದೆಗೆ ಹೋಗಬಹುದು. ನೇರ ದವಾಖಾನೆ.

ಬಿಸಿಲು. ಮೂರು ಮೆಟ್ಟಿಲು ನೆನಪಿಟ್ಟುಕೊಳ್ಳಿ. ಮೀನಖಂಡ ಹಿಡಿದುಕೊಂಡರೆ ಕೂರಿಸಿ, ಪಾದವನ್ನು ಮೊಣಕಾಲ ಕಡೆಗೆ ಬಗ್ಗಿಸಿ ಹಿಡಿಯಿರಿ, ಒಆರ್‌ಎಸ್ ಕೊಡಿ. ತಲೆಸುತ್ತು, ಜೋರು ಬೆವರು, ವಾಕರಿಕೆ ಇದ್ದರೆ ನೆರಳಲ್ಲಿ ಮಲಗಿಸಿ ಕಾಲು ಎತ್ತರಕ್ಕೆ ಇಟ್ಟು ಗುಟುಕು ಗುಟುಕು ಒಆರ್‌ಎಸ್, ಒಂದು ತಾಸಲ್ಲಿ ಸುಧಾರಿಸದಿದ್ದರೆ ಕಳಿಸಿ. ಮೂರನೆಯದು ಪ್ರಾಣಕ್ಕೆ ಬರುವಂಥದ್ದು: ಮೈ ಕೆಂಡದಂತೆ ಸುಡುತ್ತದೆ (40 ಡಿಗ್ರಿ ಸೆಲ್ಸಿಯಸ್ ಮೇಲೆ), ಮಾತು ತಡವರಿಸುತ್ತದೆ, ಯಾರು ಎಲ್ಲಿ ಅನ್ನುವುದು ತಿಳಿಯುವುದಿಲ್ಲ, ಕೆಲವರಿಗೆ ಸೆಳವು. ಇದು ಬಿಸಿಲ ಹೊಡೆತ. ಒಬ್ಬ 108ಕ್ಕೆ ಫೋನ್ ಮಾಡಲಿ, ಉಳಿದವರು ಅದೇ ಗಳಿಗೆಯಿಂದ ತಂಪು ಮಾಡಲು ಶುರು ಮಾಡಿ, ಆಂಬುಲೆನ್ಸ್ ಬರುವವರೆಗೆ ಕಾಯಬೇಡಿ. ಅಂಗಿ ಸಡಿಲಿಸಿ, ಮೈಮೇಲೆಲ್ಲ ನೀರು ಸುರಿದು ಇಬ್ಬರು ಬೀಸಿ. ಕುತ್ತಿಗೆ, ಕಂಕುಳ, ತೊಡೆಸಂದಿಗೆ ತಣ್ಣೀರ ಬಟ್ಟೆ, ಎರಡು ನಿಮಿಷಕ್ಕೊಮ್ಮೆ ಬದಲಿಸಿ. ಪ್ರಜ್ಞೆ ಸರಿ ಇಲ್ಲದವರ ಬಾಯಿಗೆ ತೀರ್ಥ ಅಂತ ಕೂಡ ನೀರು ಹಾಕಬೇಡಿ, ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಗುಳಿಗೆ ಇದಕ್ಕೆ ಕೆಲಸ ಮಾಡುವುದಿಲ್ಲ, ಕೊಡಬೇಡಿ.

ಒಆರ್‌ಎಸ್ ಪೊಟ್ಟಣ 20.5 ಗ್ರಾಂನದ್ದು ಸರಿಯಾಗಿ ಒಂದು ಲೀಟರ್ ನೀರಿಗೆ. ಎಲ್ಲರೂ ಮಾಡುವ ತಪ್ಪು ಅಂದರೆ ಪೂರಾ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವುದು. ಅದು ಮೈಯೊಳಗಿನ ನೀರನ್ನೇ ಎಳೆದು ವಾಂತಿ ಭೇದಿ ತರುತ್ತದೆ. ಪೊಟ್ಟಣ ಮುಗಿದರೆ ಒಂದು ಲೀಟರಿಗೆ ಅಂಚಿಗೆ ಸಮ ಮಾಡಿದ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕಲಸಿದ್ದು 24 ತಾಸಿನ ಮೇಲೆ ಚೆಲ್ಲಿ. ಹಣ್ಣಿನ ರುಚಿಯ ಟೆಟ್ರಾ ಡಬ್ಬಿ ತರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಕ್ಕೆ ಹೊಂದದ ಪಾನೀಯಗಳ ಮೇಲೆ ಒಆರ್‌ಎಸ್ ಅಂತ ಬರೆಯುವುದನ್ನು 2025ರ ಅಕ್ಟೋಬರಿನಲ್ಲಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನಿಲ್ಲಿಸಿದೆ, ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ.

ಕೊನೆಯದು ಹೆಂಗಸರ ಮಾತು, ಇದನ್ನು ಗಂಡಸರ ಕಮಿಟಿಗಳು ಮರೆಯುತ್ತವೆ. ದಾರಿಯಲ್ಲಿ ಹೋಗಲು ಜಾಗ ಇಲ್ಲ ಅಂತ ಹೆಂಗಸರು ಬೆಳಗಿನಿಂದ ನೀರೇ ಕುಡಿಯುವುದಿಲ್ಲ. ಎಷ್ಟು ಹರವಿ ಇಟ್ಟರೂ ಒಂದು ಗುಟುಕು ಕುಡಿದು ಕೊಡುತ್ತಾರೆ. ಮೂತ್ರ ಉರಿ, ತಲೆಸುತ್ತು ಅವರಿಗೇ ಮೊದಲು ಬರುವುದು ಅದಕ್ಕೇ. ಶಾಲೆಯ ಶೌಚಾಲಯದ ಬೀಗ ತೆಗೆಸಿ. ಚಿಲಕ, ಬಲ್ಬು, ಬಕೆಟ್ ನೀರು, ಸೋಪು, ಮುಚ್ಚಳದ ಡಬ್ಬಿ, ಹೊರಗೆ ನಿಮ್ಮೂರ ಅಕ್ಕಂದಿರು ಒಬ್ಬರು. ರಸ್ತೆಯಲ್ಲಿ ಬೋರ್ಡು ಹಾಕುವಾಗ "ನೀರು" ಅಂತ ಬರೆದ ಪಕ್ಕದಲ್ಲೇ "ಹೆಂಗಸರಿಗೆ ಶೌಚಾಲಯ ಇದೆ" ಅಂತ ಬರೆಯಿರಿ. ಆಗ ನೀರು ಕುಡಿಯುತ್ತಾರೆ.

---

ಸೊನ್ನಲಿಗೆ ಹಾದಿ (ಅಕ್ಕಲಕೋಟೆ)

ನಿಮ್ಮ ನಾಲ್ಕನೆಯ ಪ್ರಶ್ನೆಗೆ ಉತ್ತರ ಶ್ರೀಶೈಲದ ದಾರಿಯಲ್ಲೇ ಇದೆ. ಹಿರಿಯರ ಎದುರು ವಾದ ಮಾಡಬೇಡಿ, ಅವರಿಗೂ ಗೊತ್ತಿರುವ ಕತೆಯನ್ನೇ ಒಮ್ಮೆ ನೆನಪಿಸಿ.

ಸೊನ್ನಲಿಗೆಯ (ಈಗಿನ ಸೊಲ್ಲಾಪುರದ) ಸಿದ್ಧರಾಮ ಹುಡುಗನಾಗಿ ಹೊಲದಲ್ಲಿದ್ದಾಗ ಗುರುತಿಲ್ಲದ ಜಂಗಮನೊಬ್ಬ ಬಂದು ಹಸಿವು ಅಂದ. ಹುಡುಗ ನವಣೆ ತೆನೆ ಹುರಿದು ಕೊಟ್ಟ. ತಿಂದ ಮೇಲೆ ಹೊಟ್ಟೆ ಉರಿಯುತ್ತದೆ, ಮಜ್ಜಿಗೆ ಅನ್ನ ಬೇಕು ಅಂದ ಆತ. ಹುಡುಗ ಮನೆಗೆ ಓಡಿದ, ತಂದ. ಅಷ್ಟರಲ್ಲಿ ಬಂದವನು ಇಲ್ಲ. ಬಂದವನು ಮಲ್ಲಯ್ಯ, ಊರು ಶ್ರೀಶೈಲ. ಹುಡುಗ ಕೂಗುತ್ತ ಅಳುತ್ತ ಯಾತ್ರೆಯವರ ಬೆನ್ನು ಹತ್ತಿ ಶ್ರೀಶೈಲಕ್ಕೆ ಹೋದ. ಹನ್ನೆರಡನೆಯ ಶತಮಾನದ ಆ ಹುಡುಗನೇ ಮುಂದೆ ಸೊಲ್ಲಾಪುರದಲ್ಲಿ ಕೆರೆ ಕಟ್ಟಿಸಿದ ಶರಣ.

ಈ ಕತೆಯಲ್ಲಿ ಎರಡು ಸಂಗತಿ ನೋಡಿ. ಮಲ್ಲಯ್ಯ ಕಂಬಿ ಹೊತ್ತು ಬರಲಿಲ್ಲ, ಯಾತ್ರೆಯ ಗುಂಪಿನ ಜೊತೆ ಬರಲಿಲ್ಲ, ಒಬ್ಬನೇ ಬಂದ. ಟೋಕನ್ ಕೇಳಿದ್ದರೆ ಆತನ ಹತ್ತಿರ ಇರುತ್ತಿರಲಿಲ್ಲ. ಎರಡನೆಯದು, ಒಂದು ಸಲ ಕೊಟ್ಟಾದ ಮೇಲೆ ಮತ್ತೆ ಬೇರೇನೋ ಕೇಳಿದ. "ಕೊಟ್ಟಿದ್ದು ಸಾಕಾಗಲಿಲ್ಲವೇ" ಅಂತ ಹುಡುಗ ಅನ್ನಲಿಲ್ಲ. ಬಂದವನಿಗೆ ಯಾವುದು ಒಗ್ಗುತ್ತದೋ ಅದನ್ನು ತರಲು ಓಡಿದ. ದೇವರ ಮಾತು ನಡೆಸುವುದು ಅಂದರೆ ನನಗೆ ತಿಳಿದಂತೆ ಈ ಎರಡನೆಯ ಓಟ.

ದಾನ ಬೇರೆ, ದಾಸೋಹ ಬೇರೆ. ದಾನದಲ್ಲಿ ಕೊಡುವವನು ಒಡೆಯ, ಯಾರಿಗೆ ಕೊಡಲಿ ಅಂತ ಆರಿಸುತ್ತಾನೆ. ದಾಸೋಹದಲ್ಲಿ ಕೊಡುವವನು ದಾಸ, ಆರಿಸುವ ಅಧಿಕಾರವೇ ಅವನಿಗಿಲ್ಲ. ಮಲ್ಲಯ್ಯನ ಹೆಸರಲ್ಲಿ ಎತ್ತಿದ ಪಟ್ಟಿ ಮಲ್ಲಯ್ಯನಿಗೇ ಹೋಗಬೇಕು ಅನ್ನುವ ಹಿರಿಯರ ಮಾತು ಪೂರಾ ನಿಜ. ಯಾವ ವೇಷದಲ್ಲಿ ಬಂದಾನು ಅನ್ನುವುದು ನಮ್ಮ ಕೈಯಲ್ಲಿಲ್ಲ ಅಷ್ಟೇ.

ಇದನ್ನು ಜಾಗದಲ್ಲಿ ಹೇಗೆ ಜೋಡಿಸುವುದು? ಹೆಸರು, ಊರು, ಜಾತಿ ಬರೆಯುವ ಪುಸ್ತಕ ಇಡಬೇಡಿ. ಎಷ್ಟು ಜನ ಉಂಡರು ಅನ್ನುವ ಲೆಕ್ಕ ನಾಳೆಯ ಅಡುಗೆಗೆ ಬೇಕು, ಅದನ್ನು ಎಲೆ ಎಣಿಸಿ ತೆಗೆಯಿರಿ. ಕೂಲಿಯವರು ತಾವಾಗಿ ಪೆಂಡಾಲಿನೊಳಗೆ ಬರುವುದಿಲ್ಲ, ಕೇಸರಿ ಶಾಲು ಕಂಡು ದೂರ ನಿಲ್ಲುತ್ತಾರೆ. ಒಬ್ಬ ಹುಡುಗನ ಕೆಲಸವೇ ರಸ್ತೆ ಅಂಚಿಗೆ ನಿಂತು ಅವರನ್ನು ಕರೆಯುವುದಾಗಿರಲಿ. "ಊಟ ಇದೆ, ಕೊಡುತ್ತೇವೆ" ಅನ್ನದೆ "ಅಣ್ಣಾ, ಅಕ್ಕಾ, ಊಟಕ್ಕೆ ಬರ್ರಿ" ಅಂತ ಮನೆಯ ಹಬ್ಬಕ್ಕೆ ಕರೆದಂತೆ. ಅವರದೇ ಸಾಲಿನಲ್ಲಿ ಯಾತ್ರೆಯವರನ್ನೂ ಕೂರಿಸಿ, ಎರಡು ಪಂಕ್ತಿ ಮಾಡಬೇಡಿ. ತೆಲುಗು, ಹಿಂದಿ ಬಲ್ಲವರೊಬ್ಬರು ಇರಲಿ. ಉಣ್ಣುವವರ ಫೋಟೊ ತೆಗೆಯಬೇಡಿ. ಊರಿನ ಮುಸಲ್ಮಾನ ಮನೆಯವರು ಶರಬತ್ತು ಹಂಚುತ್ತೇವೆ ಅಂದರೆ ಅದೇ ಪೆಂಡಾಲಿನಲ್ಲಿ ಜಾಗ ಕೊಡಿ.

---

ಕಂಬಳಿ ಹೊರೆ (ಆಲೂರು)

ಮೇಲಿನವರ ಮಾತು ಒಪ್ಪುತ್ತೇನೆ, ಆದರೆ ಒಂದು ತೊಡಕು ಹೇಳಲೇಬೇಕು. ಹೆದ್ದಾರಿ ಪಕ್ಕ ಊಟ ಅಂದರೆ ರಾತ್ರಿ ಕುಡಿದವರು ಬರುತ್ತಾರೆ. ತೂರಾಡುತ್ತ ಹೆಂಗಸರು ಮಲಗಿದ ಕಡೆ ಹೋಗುತ್ತಾರೆ. ಅವರನ್ನೂ ಮಲ್ಲಯ್ಯ ಅಂತ ಕೂರಿಸಿಕೊಳ್ಳಲು ಆಗುತ್ತದೆಯೇ? ಕುಡಿದವರನ್ನು ದೂರ ಇಡಿ ಅನ್ನುವ ನಿಯಮ ಒಂದಾದರೂ ಬೇಕು.

---

ದವಾಖಾನಿ ಅಕ್ಕ

ಹೆಂಗಸರು ಮಲಗುವ ಜಾಗಕ್ಕೆ ಯಾವ ಗಂಡಸೂ ಹೋಗಬಾರದು, ಕುಡಿದವರಷ್ಟೇ ಅಲ್ಲ. ಶಾಲೆಯ ಒಳಕೋಣೆ ಅವರಿಗೆ, ಗಂಡಸರಿಗೆ ಹೊರಗಿನ ಪೆಂಡಾಲ್. ಅದರಲ್ಲಿ ನಿಮ್ಮ ಮಾತೇ ಸರಿ ಅಣ್ಣಾವರೆ.

ಆದರೆ "ಕುಡಿದಿದ್ದಾನೆ" ಅನ್ನುವ ತೀರ್ಮಾನಕ್ಕೆ ಬೇಗ ಬರಬೇಡಿ. ತೂರಾಡುವುದು, ತೊದಲುವುದು, ಸಿಟ್ಟಿಗೇಳುವುದು, ಹೇಳಿದ್ದು ತಿಳಿಯದಿರುವುದು, ಇಷ್ಟೂ ಇನ್ನು ಮೂರು ಕಾರಣಕ್ಕೆ ಬರುತ್ತವೆ. ಒಂದು, ನಾನು ಮೇಲೆ ಹೇಳಿದ ಬಿಸಿಲ ಹೊಡೆತ. ಮೈ ಮುಟ್ಟಿದರೆ ಸುಡುತ್ತದೆ. ಎರಡು, ಸಕ್ಕರೆ ಇಳಿದಿರುವುದು. ಗುಳಿಗೆ ಅಥವಾ ಇನ್ಸುಲಿನ್ ತಗೊಂಡು ಊಟ ಬಿಟ್ಟು ನಡೆದವರಿಗೆ ಆಗುತ್ತದೆ. ಮೈ ತಣ್ಣಗೆ, ಜಿಗಿಜಿಗಿ ಬೆವರು, ಕೈ ನಡುಕ. ಮೂರು, ಬರೀ ನೀರನ್ನು ವಿಪರೀತ ಕುಡಿದು ಮೈಯ ಉಪ್ಪು ತೆಳುವಾಗಿರುವುದು. ತಲೆನೋವು, ವಾಂತಿ, ಮಂಕು ಬರುತ್ತದೆ. ಇಂಥವರಿಗೆ ಮತ್ತೆ ನೀರು ಕುಡಿಸುತ್ತ ಕೂರಬೇಡಿ, ದವಾಖಾನೆಗೆ ಕಳಿಸಿ.

ಸಕ್ಕರೆ ಇಳಿದವರು ನುಂಗುವಷ್ಟು ಎಚ್ಚರ ಇದ್ದರೆ ಅರ್ಧ ಲೋಟ ನೀರಿಗೆ ಮೂರು ಚಮಚ ಸಕ್ಕರೆ ಕರಗಿಸಿ ಕುಡಿಸಿ. ಹದಿನೈದು ನಿಮಿಷ ನೋಡಿ, ಸರಿಹೋಗದಿದ್ದರೆ ಇನ್ನೊಮ್ಮೆ. ತಿಳಿವು ಬಂದ ಕೂಡಲೆ ಅನ್ನವೋ ರೊಟ್ಟಿಯೋ ತಿನ್ನಿಸಿ, ಇಲ್ಲದಿದ್ದರೆ ಮತ್ತೆ ಇಳಿಯುತ್ತದೆ. ಎಚ್ಚರ ಇಲ್ಲದವರನ್ನು ಎಡಮಗ್ಗುಲಾಗಿ ಮಲಗಿಸಿ 108. ಹೆಂಡದ ವಾಸನೆ ಬಂತು ಅಂದ ಮಾತ್ರಕ್ಕೆ ಉಳಿದ ಮೂರೂ ಇಲ್ಲ ಅಂತ ಅಲ್ಲ, ಕುಡಿದವನಿಗೆ ಬಿಸಿಲೂ ಹೊಡೆಯುತ್ತದೆ, ಸಕ್ಕರೆಯೂ ಇಳಿಯುತ್ತದೆ. ಆದ್ದರಿಂದ ನಿಯಮ ಹೀಗಿರಲಿ: ತೂರಾಡುವವರನ್ನು ಮೊದಲು ಕೂರಿಸಿ, ಮೈ ಮುಟ್ಟಿ ನೋಡಿ, ಸಕ್ಕರೆ ಕಾಯಿಲೆ ಕೇಳಿ. ಬರೀ ಕುಡಿತ ಅಂತ ಗೊತ್ತಾದರೂ ಊಟ ಕೊಟ್ಟು ರಸ್ತೆಯಿಂದ ದೂರ, ಗಂಡಸರ ಪೆಂಡಾಲಿನ ತುದಿಗೆ ಮಗ್ಗುಲಾಗಿ ಮಲಗಿಸಿ. ರಾತ್ರಿ ಹೆದ್ದಾರಿಗೆ ಅಟ್ಟಿದರೆ ಲಾರಿಗೆ ಸಿಗುತ್ತಾನೆ.

---

ಕರಿನೆಲ (ಕರ್ನೂಲು)

ಬುದ್ಧಿ ಸ್ಥಿಮಿತ ಇಲ್ಲದವರ ವಿಷಯಕ್ಕೆ ಕಾನೂನಿನ ಮಾತು ಸೇರಿಸುತ್ತೇನೆ. ಉಣ್ಣಿಸಿ ಮುಂದೆ ಕಳಿಸಿದರೆ ಸಾಲದು.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಸೆಕ್ಷನ್ 100ರ ಪ್ರಕಾರ ಹಾಗೆ ಅಲೆಯುವವರು, ತಮ್ಮನ್ನು ತಾವು ನೋಡಿಕೊಳ್ಳಲಾಗದವರು ಠಾಣೆಯ ವ್ಯಾಪ್ತಿಯಲ್ಲಿ ಕಂಡರೆ ಅವರನ್ನು ರಕ್ಷಣೆಗೆ ತೆಗೆದುಕೊಳ್ಳುವುದು ಠಾಣಾಧಿಕಾರಿಯ ಕರ್ತವ್ಯ. 24 ತಾಸಿನೊಳಗೆ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ನೀವು ಮಾಡಬೇಕಾದದ್ದು ಇಷ್ಟು: ಎದುರಿಗೆ ನಿಲ್ಲದೆ ಪಕ್ಕಕ್ಕೆ ಕೂತು ಮೆಲ್ಲಗೆ ಮಾತಾಡಿಸಿ, ಹತ್ತು ಜನ ಸುತ್ತುವರಿಯಬೇಡಿ, ಕಟ್ಟಬೇಡಿ. ಊಟ ಕೊಟ್ಟು, ಮೈಮೇಲೆ ಬಟ್ಟೆ ಇಲ್ಲದಿದ್ದರೆ ಲುಂಗಿ ಅಂಗಿ ಕೊಡಿ, ಎರಡು ಜೊತೆ ಮೊದಲೇ ತಂದಿಟ್ಟಿರಿ. ಆಡುವ ಮಾತಿನಲ್ಲಿ ಊರ ಹೆಸರೋ ಯಾರದಾದರೂ ಹೆಸರೋ ಬಂದರೆ ಬರೆದುಕೊಳ್ಳಿ, ಮನೆಯವರನ್ನು ಹುಡುಕಲು ಅದೇ ದಾರಿ. ಆಮೇಲೆ ಪೊಲೀಸರಿಗೆ 112ಕ್ಕೆ ಫೋನ್ ಮಾಡಿ. ಹೇಗೆ ನಡೆದುಕೊಳ್ಳಬೇಕು ಅಂತ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕೇಳಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಒಂಟಿ ಮಕ್ಕಳಿಗೆ 1098, ಮನೆಯವರು ಬಿಟ್ಟುಹೋದ ಮುದುಕರಿಗೆ 14567.

ಯಾತ್ರೆಯವರಿಗೆ ಗಾಡಿ ಬಡಿದರೆ ಮುಟ್ಟಲು ಹೆದರಬೇಡಿ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಸೆಕ್ಷನ್ ಅಪಘಾತದಲ್ಲಿ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ನಿಮ್ಮ ಹೆಸರು ವಿಳಾಸ ಹೇಳಿ ಅಂತ ಪೊಲೀಸರೂ ಆಸ್ಪತ್ರೆಯವರೂ ಒತ್ತಾಯ ಮಾಡುವಂತಿಲ್ಲ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಇಟ್ಟು ಅಂಗೈಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ, ನಿಂತಿತೇ ಅಂತ ಎತ್ತಿ ಎತ್ತಿ ನೋಡಬೇಡಿ. ಬಟ್ಟೆ ನೆನೆದರೆ ಅದರ ಮೇಲೇ ಇನ್ನೊಂದು. ಕುತ್ತಿಗೆ ಬೆನ್ನಿಗೆ ಏಟಾದಂತೆ ಕಂಡರೆ ಬೆಂಕಿಯೋ ಮತ್ತೊಂದು ಗಾಡಿಯೋ ಮೈಮೇಲೆ ಬರದ ಹೊರತು ಎತ್ತಬೇಡಿ.

ಬಡಿಯದಂತೆ ನೋಡಿಕೊಳ್ಳುವುದು ಇನ್ನೂ ಸುಲಭ. ಹೊಳೆಯುವ ಟೇಪಿನ ಸುರುಳಿ ತಂದು, ಗೇಣುದ್ದ ಕತ್ತರಿಸಿ, ನಸುಕಿನಲ್ಲಿ ಹೊರಡುವವರ ಬೆನ್ನಿನ ಜೋಳಿಗೆಗೂ ಕಂಬಿಗೂ ಅಂಟಿಸಿ. ಎದುರಿನಿಂದ ಬರುವ ಗಾಡಿ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು ನಡೆಯಲು ಹೇಳಿ. ಪೆಂಡಾಲನ್ನೂ ಅವರು ನಡೆದು ಬರುವ ಬದಿಯಲ್ಲೇ, ಡಾಂಬರಿನಿಂದ ಮೂವತ್ತು ಅಡಿಯಾದರೂ ಒಳಗೆ ಹಾಕಿ. ನೀರಿಗಾಗಿ ಹೆದ್ದಾರಿ ದಾಟುವಂತೆ ಆಗಬಾರದು.

---

ಮಗ್ಗದ ಮನಿ

ಎಲ್ಲರಿಗೂ ಶರಣು ಶರಣಾರ್ಥಿ. ಹಿರಿಯರಿಗೆ ಸೊನ್ನಲಿಗೆ ಹಾದಿಯವರು ಬರೆದದ್ದನ್ನು ಓದಿ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು "ಟೋಕನ್ ಬೇಡ ಬಿಡಿ" ಅಂದರು. ಕೂಲಿಯವರನ್ನು ಕರೆಯಲು ರಸ್ತೆಗೆ ತಾವೇ ನಿಲ್ಲುತ್ತಾರಂತೆ.

ಒಂದೇ ಅನುಮಾನ ಉಳಿದಿದೆ. ಐದನೆಯ ದಿನ ಮಧ್ಯಾಹ್ನ ಪೆಂಡಾಲಿನವರು ಬಂದು ಬಿಚ್ಚುತ್ತಾರೆ. ಅಷ್ಟೊತ್ತಿಗೆ ಗುಂಪುಗಳೆಲ್ಲ ದಾಟಿರುತ್ತವೆ ಅಲ್ಲವೇ?

---

ಬಿಳಿಜೋಳ

ಗುಂಪುಗಳು ದಾಟಿರುತ್ತವೆ ತಮ್ಮಾ. ಕಾಲು ಕೆಟ್ಟವರು, ವಯಸ್ಸಾದವರು, ಹರಕೆ ಹೊತ್ತು ಒಂಟಿಯಾಗಿ ಬರುವವರು ಹಿಂದೆ ಉಳಿದಿರುತ್ತಾರೆ. ಅವರು ಬರುವ ಹೊತ್ತಿಗೆ ದಾರಿಯುದ್ದಕ್ಕೂ ಪೆಂಡಾಲು ಬಿಚ್ಚಿ, ಒಲೆ ಆರಿ, ಖಾಲಿ ಟ್ಯಾಂಕ್ ಬೋರಲು ಬಿದ್ದಿರುತ್ತದೆ. ಪೆಂಡಾಲ್ ಬಿಚ್ಚಲಿ, ಪರವಾಗಿಲ್ಲ. ಬೇವಿನ ಮರದ ಕೆಳಗೆ ಎರಡು ಹರವಿ ನೀರು, ಮುಚ್ಚಳದ ಡಬ್ಬಿಯಲ್ಲಿ ಐವತ್ತು ಖಟಿ ರೊಟ್ಟಿ, ಒಂದು ಕೆಜಿ ಹಿಂಡಿ, ಹತ್ತು ಪೊಟ್ಟಣ ಒಆರ್‌ಎಸ್, ಗಾಜ್ ಮತ್ತು ಟೇಪು ಇಡಿ. ಪಾಳಿಯ ಮೇಲೆ ಒಬ್ಬೊಬ್ಬ ಹುಡುಗ ಇನ್ನು ಮೂರು ದಿನ ಅಲ್ಲಿ ಕೂರಲಿ. ರಾತ್ರಿ ಒಂದು ಬಲ್ಬು ಹಚ್ಚಿಡಿ, ದೂರದಿಂದ ಕಾಣಬೇಕು.